ಡಾಲ್ಫಿನ್ ಕಾರಿನ ಕಿಟ್ ಯಾರಾದರೂ ಮಾಡಬಾರದಾ?

ಮೊನ್ನೆ ಭಾನುವಾರ ಹಸೆಗಾವಾ ಕಂಪನಿಯ ಸನ್ನಿ ಟ್ರಕ್ ಕಿಟ್, ಅಂದರೆ ತುಂಡು ಜೋಡಿಸಿ ಮಾಡುವ ಪುಟ್ಟ ಮಾಡೆಲ್, ಬಿಚ್ಚಿಕೊಂಡು ಕೂತಿದ್ದೆ. ಸನ್ನಿ ಟ್ರಕ್ ಅಂದರೆ ನಿಸಾನ್‌ನವರ ಒಂದು ಪುಟ್ಟ ಪಿಕಪ್ಪು. ರೇಸ್ ಓಡಿದ ಕಾರಲ್ಲ, ಸಿನಿಮಾ ನಟರ ಕಾರಲ್ಲ. ಜಪಾನಿನ ಗಲ್ಲಿಗಳಲ್ಲಿ ಸಾಮಾನು ಹೊತ್ತುಕೊಂಡು ಓಡಾಡುತ್ತಿದ್ದ ಬಡಪಾಯಿ ಗಾಡಿ. ಅದಕ್ಕೂ 1:24 ಅಳತೆಯ, ಅಂದರೆ ನಿಜವಾದ ಗಾಡಿಯ ಇಪ್ಪತ್ನಾಲ್ಕನೇ ಒಂದರಷ್ಟು ಉದ್ದದ ಕಿಟ್ ಮಾಡಿದ್ದಾರೆ, ಅದೂ ಎಂಥ ಅಚ್ಚುಕಟ್ಟು ಅಂದರೆ ಹಿಂದಿನ ಡೋರಿನ ಮೇಲಿನ ಅಕ್ಷರಗಳೂ ಕಣ್ಣಿಗೆ ಕಾಣುತ್ತವೆ. ಖುಷಿಯಾಯಿತು. ಐದು ನಿಮಿಷ ಬಿಟ್ಟು ಹೊಟ್ಟೆಯೂ ಉರಿಯಿತು.

ಯಾಕೆ ಅಂತೀರಾ? ಆ ಟ್ರಕ್ಕಿನಲ್ಲಿ ಇದ್ದದ್ದು ನಿಸಾನ್‌ನ ಎ12 ಎಂಜಿನ್. ಅದೇ ಎಂಜಿನ್ 80ರ ದಶಕದಲ್ಲಿ ನಮ್ಮ ಪ್ರೀಮಿಯರ್ 118 ಎನ್‌ಇ ಕಾರಿನ ಬಾನೆಟ್ ಕೆಳಗೂ ಇತ್ತು. ಟ್ರಕ್ಕಿಗೆ ಕಿಟ್ ಬಂತು. 118 ಎನ್‌ಇಗೆ ಬರಲಿಲ್ಲ. ಅದಕ್ಕೊಂದೇ ಅಲ್ಲ, ನಾವು ಚಿಕ್ಕಂದಿನಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈಸಿಕೊಂಡ ಯಾವ ಕಾರಿಗೂ ಬರಲಿಲ್ಲ.

ಈ ಹವ್ಯಾಸದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಕಿಟ್ ಅಂದರೆ ಆಟದ ಕಾರಲ್ಲ. ಡಬ್ಬದೊಳಗೆ ಕಾರೇ ಇರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ತುಂಡುಗಳಿರುತ್ತವೆ, ಆ ಚೌಕಟ್ಟಿಗೆ ನಾವು ಸ್ಪ್ರೂ ಅಂತೀವಿ. ಒಂದೊಂದನ್ನೂ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಹಚ್ಚಿ, ಅಂಟಿಸಬೇಕು. ನನ್ನಂಥ ನಿಧಾನಸ್ಥನಿಗೆ ಒಂದು ಕಾರಿಗೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಮಳೆಗಾಲ ಬಂದರೆ ಇನ್ನೂ ಜಾಸ್ತಿ, ಗಾಳಿಯಲ್ಲಿ ತೇವ ಇದ್ದರೆ ಮೇಲಿನ ಹೊಳಪಿನ ಕೋಟ್ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಕಟ್ಟುತ್ತದೆ. ಕಾರುಗಳು ಸಾಮಾನ್ಯವಾಗಿ 1:24 ಅಳತೆಯಲ್ಲಿ ಬರುತ್ತವೆ, ಅಮೆರಿಕದ ಹಳೇ ಕಂಪನಿಗಳದ್ದು 1:25. ಅಂಗೈ ಮೇಲೆ ಇಟ್ಟುಕೊಳ್ಳಬಹುದಾದ ಸೈಜು.

ನನ್ನ ಹೆಂಡತಿಯ ಪ್ರಶ್ನೆ ಸರಳ. "ಅಂಬಾಸಿಡರ್ ಬೇಕು ಅಂತ ಇಷ್ಟು ಗೋಳಾಡ್ತೀರಲ್ಲ, ಆಟದ ಸಾಮಾನಿನ ಅಂಗಡೀಲಿ ಸಿಗುತ್ತಲ್ವಾ?" ಸಿಗುತ್ತದೆ. ಸೆಂಟಿ ಟಾಯ್ಸ್‌ನವರ ಅಂಬಾಸಿಡರ್ ನಮ್ಮ ಮನೆಯಲ್ಲೇ ಮೂರು ಇದೆ, ಹಿಂದಕ್ಕೆ ಎಳೆದು ಬಿಟ್ಟರೆ ಸೋಫಾ ಕೆಳಗೆ ಓಡಿ ಹೋಗುವಂಥದ್ದು. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ದೇಸಿ ಕಾರು ತೋರಿಸಿಕೊಟ್ಟದ್ದು ಆ ಆಟಿಕೆಗಳೇ, ಅವುಗಳ ಬಗ್ಗೆ ನನಗೆ ಪ್ರೀತಿ ಇದೆ. ಆದರೆ ಅದು ಮುಗಿದ ಕಾರು. ನಾನು ಮಾಡೋಕೆ ಅಲ್ಲಿ ಏನೂ ಉಳಿದಿಲ್ಲ. ಸ್ಟೀರಿಂಗ್ ಪಕ್ಕದಲ್ಲಿ ಚಾಚಿಕೊಂಡಿದ್ದ ಆ ಗೇರ್ ಕಡ್ಡಿಯನ್ನು ಚಿಮುಟದಲ್ಲಿ ಹಿಡಿದು, ಉಸಿರು ಬಿಗಿ ಹಿಡಿದು, ಸರಿಯಾದ ಓರೆಗೆ ಅಂಟಿಸುವ ಭಾಗ್ಯ ಆಟಿಕೆಯಲ್ಲಿ ಎಲ್ಲಿಂದ ಬರಬೇಕು?

ಅಂಬಾಸಿಡರ್ ಬಗ್ಗೆ ನನ್ನ ಲೆಕ್ಕಾಚಾರ ಎಷ್ಟು ಮುಂದೆ ಹೋಗಿದೆ ಅಂದರೆ, ಕಾಗದದ ಮೇಲೆ ಕಿಟ್ಟೇ ತಯಾರಾಗಿದೆ. ನಿಜವಾದ ಕಾರಿನ ಉದ್ದ 4325 ಮಿಲಿಮೀಟರ್, ಅಂದರೆ 1:24ರಲ್ಲಿ ಸುಮಾರು 18 ಸೆಂಟಿಮೀಟರ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 10 ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಮುಂದೆ ಒಂದು ಉದ್ದನೆಯ ಬೆಂಚ್ ಸೀಟು, ಹಿಂದೆ ಇನ್ನೊಂದು, ನಮ್ಮ ದೊಡ್ಡಪ್ಪ ಸಾಗರದಿಂದ ಶಿವಮೊಗ್ಗಕ್ಕೆ ಮದುವೆ ದಿಬ್ಬಣ ಸಾಗಿಸುವಾಗ ಅವೆರಡರ ಮೇಲೆ ಹನ್ನೊಂದು ಜನ ಕೂತದ್ದು ನನಗೇ ನೆನಪಿದೆ, ಅದರಲ್ಲಿ ಡ್ರೈವರಿನ ಬಲಗಡೆ ಅರ್ಧ ಬಾಗಿಲಿಗೆ ಒರಗಿಕೊಂಡು ಕೂತವನು ನಮ್ಮ ಅಣ್ಣ. ಅಂಥ ಕಾರು ಕಿಟ್ ಮಾಡುವ ಕಂಪನಿಗೆ ಲಾಭದ ಕಾರೂ ಹೌದು. ಯಾಕೆಂದರೆ ಬಾಡಿ ಸುಮಾರಾಗಿ ಅದೇ ಇಟ್ಟುಕೊಂಡು ಆ ಕಾರು ಮಾಡಿದವರು ಐವತ್ತು ವರ್ಷಕ್ಕಿಂತ ಜಾಸ್ತಿ ಕಾಲ ತಳ್ಳಿದರು. ಮಾರ್ಕ್ 2ರ ಸಣ್ಣ ಚೌಕುಳಿ ಗ್ರಿಲ್ ಇದೆ, 1975ರ ಮಾರ್ಕ್ 3 ಇದೆ, 1979ರ ಮಾರ್ಕ್ 4 ಇದೆ, ಆಮೇಲೆ ನೋವಾ, ಅದಾದ ಮೇಲೆ ಇಸುಜು ಎಂಜಿನ್ನಿನ 1800. ಬಾಡಿಯ ಅಚ್ಚು ಒಂದೇ ಮಾಡಿಸಿ, ಗ್ರಿಲ್ಲು, ಬಂಪರು, ಲೈಟು ಇರುವ ಒಂದು ಸಣ್ಣ ಸ್ಪ್ರೂ ಮಾತ್ರ ಬದಲಾಯಿಸಿದರೆ ಐದು ಡಬ್ಬ. ಡೆಕಾಲ್, ಅಂದರೆ ಮೇಲೆ ಅಂಟಿಸುವ ಗುರುತು ಅಕ್ಷರಗಳ ಹಾಳೆ, ಬದಲಾಯಿಸಿದರೆ ಇನ್ನೂ ಮೂರು. ಕಲ್ಕತ್ತಾದ ಹಳದಿ ಟ್ಯಾಕ್ಸಿ ಒಂದು, ಡಿ.ಸಿ. ಸಾಹೇಬರ ಬಿಳಿ ಕಾರು ಒಂದು, ಮಿಲಿಟರಿ ಹಸಿರು ಒಂದು. ಕೆಂಪು ದೀಪ ಬೇಕಾದರೆ ಇಡಿ, ಬೇಡವಾದರೆ ಬಿಡಿ. ನಿಜವಾದ ಕಾರಿನ ಮೇಲಿಂದ 2017ರಲ್ಲಿ ಅದನ್ನು ತೆಗೆಸಿಬಿಟ್ಟರು, ಕಿಟ್ ಮೇಲೆ ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹಾಗಾಗಿ ಅಲ್ಲಿಯ ಮುದುಕರೂ ಗಿರಾಕಿಗಳು. ಆಕ್ಸ್‌ಫರ್ಡ್‌ಗಾದರೂ ದೊಡ್ಡ ಕಂಪನಿಗಳ ಕ್ಯಾಟಲಾಗಿನಲ್ಲಿ 1:24ರ ಕಿಟ್ ಸಿಗುತ್ತದೇನೋ ಅಂತ ವರ್ಷಗಟ್ಟಲೆ ಹುಡುಕಿದೆ. ನನ್ನ ಕಣ್ಣಿಗೆ ಬಿದ್ದಿಲ್ಲ. ಅದರ ತಮ್ಮನ ಹಾಗಿರುವ ಮಾರಿಸ್ ಮೈನರ್ ಮಾತ್ರ ಇಂಗ್ಲೆಂಡಿನ ಕಿಟ್ ಕಂಪನಿ ಏರ್‌ಫಿಕ್ಸ್‌ನವರ ಹಳೇ 1:32 ಕಿಟ್ಟಿನಲ್ಲಿದೆ. "ಅದನ್ನೇ ಸ್ವಲ್ಪ ಉದ್ದ ಮಾಡಪ್ಪ" ಅಂದವರಿದ್ದಾರೆ. ಮೈನರ್ ಕಾರನ್ನು ಉದ್ದ ಮಾಡಿದರೆ ಉದ್ದದ ಮೈನರ್ ಆಗುತ್ತದೆ, ಅಷ್ಟೇ.

ಪದ್ಮಿನಿಯದ್ದೂ ಇದೇ ಕಥೆ, ಆದರೆ ಇಟಲಿ ಕಡೆಯಿಂದ. ಅದು ಮೂಲದಲ್ಲಿ ಫಿಯೆಟ್ 1100, ಎಂಜಿನ್ 1089 ಸಿಸಿ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಡಿಲೈಟ್ ಅಂತ ಇತ್ತು, ಆಮೇಲೆ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ. ನಮ್ಮ ಊರಿನಲ್ಲಿ ಯಾರೂ ಈ ಹೆಸರುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಕೊನೆವರೆಗೂ "ಫಿಯೆಟ್ಟು" ಅಂತಲೇ ಕರೆದರು. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿದಾಗ ಪೇಪರು, ಟಿವಿ ತುಂಬ ಅದೇ ಸುದ್ದಿ. ಆ ವಾರ ಯಾರಾದರೂ ಒಂದು ಕಿಟ್ ಬಿಟ್ಟಿದ್ದರೆ ಬಿಸಿ ಬೋಂಡದ ಹಾಗೆ ಖರ್ಚಾಗುತ್ತಿತ್ತು. ಮೇಲಿನ ಕ್ಯಾರಿಯರ್, ಮೀಟರ್ ಡಬ್ಬಿ, ಚಾವಣಿಯ ಒಳಗೆ ಹೂವಿನ ಚಿತ್ತಾರದ ಬಟ್ಟೆ, ಡ್ಯಾಶ್‌ಬೋರ್ಡಿನ ಮೇಲೆ ದೇವರು. ಮಾಡೆಲ್ ಮಾಡುವವನಿಗೆ ಇದು ಹಬ್ಬದ ಊಟ.

ಹೆರಾಲ್ಡ್ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟಾಂಡರ್ಡ್ ಹೆರಾಲ್ಡ್, ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ನಮ್ಮ ಅವತಾರ. ಟ್ರಯಂಫ್ ಹೆರಾಲ್ಡಿಗೆ ಏರ್‌ಫಿಕ್ಸ್‌ನವರು 60ರ ದಶಕದಲ್ಲಿ 1:32 ಅಳತೆಯ ಕಿಟ್ ಮಾಡಿದ್ದರು. ಹಳೇ ಡಬ್ಬ ಒಂದನ್ನು ದುಬಾರಿ ಬೆಲೆ ಕೊಟ್ಟು ತರಿಸಿದೆ. ಆದರೆ ಇಂಗ್ಲೆಂಡಿನ ಹೆರಾಲ್ಡಿಗೆ ಇದ್ದದ್ದು ಎರಡೇ ಬಾಗಿಲು. 60ರ ದಶಕದ ಕೊನೆಗೆ ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದ್ದು ನಮ್ಮವರು ಮಾತ್ರ, ಹಿಂದಿನ ಸೀಟಿಗೆ ಅಜ್ಜಿಯನ್ನು ಮುಂದಿನ ಸೀಟು ಮಡಚಿ ಹತ್ತಿಸುವುದು ನಮ್ಮಲ್ಲಿ ಆಗದ ಮಾತು ಅಲ್ವಾ. ನನಗೆ ಬೇಕಾದದ್ದು ಆ ನಾಲ್ಕು ಬಾಗಿಲಿನದ್ದು. ಗರಗಸದ ಬ್ಲೇಡಿನಲ್ಲಿ ಬಾಗಿಲಿನ ಹಿಂಬದಿ ಕೊಯ್ದೆ. ಐವತ್ತು ವರ್ಷದ ಪ್ಲಾಸ್ಟಿಕ್ಕು, ಹಪ್ಪಳದ ಹಾಗೆ ಆಗಿತ್ತು. ನಡುವಿನ ಕಂಬ ಮುರಿಯಿತು, ಅದಕ್ಕೆ ಪುಟ್ಟಿ ತುಂಬಿದೆ, ಪುಟ್ಟಿ ಒಣಗಿ ಕುಗ್ಗಿತು, ಚಾವಣಿ ಒಂದು ಕಡೆ ವಾಲಿತು, ಸರಿ ಮಾಡೋಕೆ ಹೋಗಿ ವಿಂಡ್‌ಶೀಲ್ಡ್ ಸೀಳಿತು. ಈಗ ಅದು ಅಪಘಾತ ಆದ ಹೆರಾಲ್ಡಿನ ಅತ್ಯುತ್ತಮ ಮಾಡೆಲ್ ಆಗಿ ಕಪಾಟಿನಲ್ಲಿದೆ. ನೋಡಿದವರು ಹೊಗಳುತ್ತಾರೆ. ನಾನು ಸುಮ್ನೆ ಇರುತ್ತೇನೆ.

ಯಾಕೆ ಯಾರೂ ಮಾಡುವುದಿಲ್ಲ ಅನ್ನುವುದು ಗೊತ್ತಿಲ್ಲದ್ದೇನಲ್ಲ. ಕಿಟ್ಟಿನ ಖರ್ಚೆಲ್ಲ ಅಚ್ಚಿನಲ್ಲೇ ಇದೆ. ಉಕ್ಕಿನಲ್ಲಿ ಕೊರೆದ ಅಚ್ಚು, ಅದರೊಳಗೆ ಬಿಸಿ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ನುಗ್ಗಿಸುತ್ತಾರೆ. ಚಪ್ಪಟೆ ತುಂಡಾದರೆ ಎರಡು ಹೋಳಿನ ಅಚ್ಚು ಸಾಕು. ಕಾರಿನ ಬಾಡಿ ಹಾಗಲ್ಲ, ಮೇಲೆ ಚಾವಣಿ, ಎರಡು ಪಕ್ಕ, ಹಿಂದೆ, ಮುಂದೆ, ಎಲ್ಲ ಕಡೆ ಗೆರೆ, ಉಬ್ಬು, ಹಿಡಿಕೆ ಇರುತ್ತದೆ. ಅದಕ್ಕೆ ಅಚ್ಚಿನ ಪಕ್ಕದ ಭಾಗಗಳು ಡ್ರಾಯರಿನ ಹಾಗೆ ಜಾರಿ ಆಚೆ ಬರಬೇಕು, ಇಲ್ಲದಿದ್ದರೆ ಬಾಡಿ ಅಚ್ಚಿನೊಳಗೇ ಸಿಕ್ಕಿಕೊಳ್ಳುತ್ತದೆ. ಅಷ್ಟೆಲ್ಲ ಮಾಡಿಸಿದ ಮೇಲೆ ಸಾವಿರಾರು ಡಬ್ಬ ಖರ್ಚಾಗದಿದ್ದರೆ ಮಾಲೀಕ ಮನೆಗೆ ಹೋದ ಹಾಗೇ. ಅದಕ್ಕೇ ಎಲ್ಲರೂ ಮತ್ತೆ ಮತ್ತೆ ಮಸ್ಟಾಂಗು, ಪೋರ್ಶೆ, ಸ್ಕೈಲೈನು. ಇನ್ನೂ ಒಂದು ಹೊಸ ಪೋರ್ಶೆ 911 ಕಿಟ್ ಬಂತು ಅಂತ ಯಾರಾದರೂ ಹೇಳಿದರೆ ನನಗೆ ಈಗ ಆಕಳಿಕೆ ಬರುತ್ತದೆ. ಅಮೆರಿಕದ ಕಿಟ್‌ಗಳಲ್ಲಂತೂ ನಾಲ್ಕು ಬಾಗಿಲಿನ ಮನೆ ಕಾರು ಕಾಣುವುದೇ ಅಪರೂಪ. ಅಲ್ಲಿಯ ಹವ್ಯಾಸಿಗಳೂ ಅದೇ ಗೋಳಾಡುತ್ತಾರೆ, ಅಪ್ಪ ಓಡಿಸಿದ ನಾಲ್ಕು ಬಾಗಿಲಿನ ಕಾರು ಎಲ್ಲಿ ಅಂತ. ಹೋಗಲಿ, ನಾವೊಬ್ಬರೇ ಅಲ್ಲ.

ಹಾಗಂತ ಆಗುವುದೇ ಇಲ್ಲ ಅಂತಲ್ಲ. ಮೋಬಿಯಸ್ ಅನ್ನುವ ಅಮೆರಿಕದ ಕಂಪನಿ 50ರ ದಶಕದ ಹಡ್ಸನ್ ಹಾರ್ನೆಟ್‌ನಂಥ ಕಾರಿಗೆ 1:25ರಲ್ಲಿ ಹೊಚ್ಚ ಹೊಸ ಅಚ್ಚು ಮಾಡಿಸಿತು. ಹಡ್ಸನ್ ಕಂಪನಿಯೇ ಮುಳುಗಿ ಎಷ್ಟೋ ಕಾಲವಾಗಿತ್ತು. ಹಸೆಗಾವಾ ಸುಬಾರು 360 ಮಾಡಿತು, ಹೋಂಡಾ ಎನ್360 ಮಾಡಿತು, ಎರಡೂ ಜಪಾನಿನ ಮಧ್ಯಮ ವರ್ಗದ ಮೊದಲ ಕಾರುಗಳು, ನಮ್ಮ ಮಾರುತಿ 800 ಇದ್ದ ಹಾಗೆ. ಗಮನಿಸಿ ನೋಡಿದರೆ ಇದರ ಗುಟ್ಟು ಇಷ್ಟೇ. ಒಂದು ಊರಿನ ಜನ ತಮ್ಮ ಕಾರಿನ ಕಿಟ್ ದುಡ್ಡು ಕೊಟ್ಟು ಕೊಂಡರೆ ಆ ಊರಿನ ಕಂಪನಿ ಮಾಡುತ್ತದೆ. ಜಪಾನಿನವರು ಬಂದು ನಮ್ಮ ಪದ್ಮಿನಿ ಮಾಡಿಕೊಡಲಿ ಅಂತ ಕಾಯುವುದು ಪಕ್ಕದ ಮನೆಯವರು ನಮ್ಮ ಅಜ್ಜನ ಫೋಟೋಗೆ ಕಟ್ಟು ಹಾಕಿಸಿಕೊಡಲಿ ಅಂತ ಕಾದ ಹಾಗೆ.

ಇಲ್ಲಿ ಕೊಳ್ಳುವವರು ಕಡಿಮೆ ಯಾಕೆ ಅನ್ನುವುದಕ್ಕೂ ಕಾರಣ ಇದೆ. ಸ್ಕೇಲ್ ಮಾಡೆಲ್ಲುಗಳು ಕಸ್ಟಮ್ಸ್ ಲೆಕ್ಕದಲ್ಲಿ ಆಟಿಕೆಯ ಸಾಲಿಗೇ ಬರುತ್ತವೆ. ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ ಏರಿತು, 2023ರಲ್ಲಿ ಶೇ. 70. ಒಮ್ಮೆ ಹೊರದೇಶದಿಂದ ತರಿಸಿದ ಒಂದು ಕಿಟ್ಟಿಗೆ ಸುಂಕ, ಸಾಗಣೆ ಎಲ್ಲ ಸೇರಿ ಕಿಟ್ಟಿನ ಬೆಲೆಗಿಂತ ಜಾಸ್ತಿ ಕಟ್ಟಿದ್ದೆ. ಮನೆಯಲ್ಲಿ ಅರ್ಧ ಬೆಲೆ ಹೇಳಿದೆ. ಇದನ್ನು ಅವಳು ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಹೀಗಿರುವಾಗ ಹೊಸ ಹುಡುಗರು ಈ ಕಡೆ ಬರುವುದಾದರೂ ಹೇಗೆ? ಆದರೆ ಅದೇ ಸುಂಕ ಇನ್ನೊಂದು ಕಡೆಯಿಂದ ನೋಡಿದರೆ ಇಲ್ಲೇ ಮಾಡುವವನಿಗೆ ಅನುಕೂಲ. ಪೀಣ್ಯದಲ್ಲಿ ಪ್ಲಾಸ್ಟಿಕ್ ಅಚ್ಚು ಮಾಡುವ ವರ್ಕ್‌ಶಾಪುಗಳಿಗೆ ಬರ ಇಲ್ಲ. ಕೊಪ್ಪಳದ ಭಾನಾಪುರದಲ್ಲಿ ಆಟಿಕೆಗಳಿಗೆ ಅಂತಲೇ ಕ್ಲಸ್ಟರ್ ಕಟ್ಟಿದ್ದಾರೆ. ಕೈಯಲ್ಲಿ ವಿದ್ಯೆ ಇದೆ, ಮಿಷಿನ್ ಇದೆ. ಇಲ್ಲದಿರುವುದು ದುಡ್ಡಿರುವ ನನ್ನಂಥ ಹುಚ್ಚ ಮಾತ್ರ. ಮೇಲೆ ಹಕ್ಕಿನ ತಲೆನೋವು ಬೇರೆ. ಅಂಬಾಸಿಡರ್ ಅನ್ನುವ ಹೆಸರನ್ನೇ 2017ರಲ್ಲಿ ಫ್ರಾನ್ಸಿನ ಪೂಷೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿದರು. ಡಬ್ಬದ ಮೇಲೆ ಆ ಹೆಸರು ಬರೆಯಬೇಕಾದರೆ ಪ್ಯಾರಿಸ್ಸಿಗೆ ಕಾಗದ ಬರೆಯಬೇಕೋ ಏನೋ!

ಇಷ್ಟೆಲ್ಲ ಹೇಳಿದ ಮೇಲೆ ನಿಜ ಹೇಳುತ್ತೇನೆ. "ಒಂದೇ ಒಂದು ಕಿಟ್ ಕೇಳು" ಅಂತ ದೇವರು ಬಂದು ನಿಂತರೆ ನಾನು ಅಂಬಾಸಿಡರ್ ಕೇಳುವುದಿಲ್ಲ, ಪದ್ಮಿನಿಯನ್ನೂ ಕೇಳುವುದಿಲ್ಲ. ಸಿಪಾನಿ ಡಾಲ್ಫಿನ್ ಕೇಳುತ್ತೇನೆ.

ಈಗಿನ ಹುಡುಗರಿಗೆ ಹೆಸರೇ ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲೇ ತಯಾರಾದ ಕಾರು ಸ್ವಾಮಿ ಅದು. ಅದಕ್ಕೂ ಮುಂಚೆ ಸಿಪಾನಿಯವರೇ ಬಾದಲ್ ಅಂತ ಒಂದು ಮೂರು ಚಕ್ರದ ಕಾರು ಮಾಡುತ್ತಿದ್ದರು, ಮುಂದೆ ಒಂದು ಚಕ್ರ, ಎಂಜಿನ್ ಹಿಂದೆ. 1982ರಲ್ಲಿ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಅನ್ನುವ ಕಾರಿನ ವಿನ್ಯಾಸ, 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಎರಡು ಬಾಗಿಲು, ಬಾಡಿ ಪೂರ್ತಿ ಫೈಬರ್. ಹಗೂರ ಇದ್ದದ್ದಕ್ಕೆ ಚಿಗರೆ ಹಾಗೆ ಓಡುತ್ತಿತ್ತು. ಮದರಾಸಿನ ಹತ್ತಿರದ ಶೋಲಾವರಂ ರೇಸುಗಳಲ್ಲಿ, ರ‍್ಯಾಲಿಗಳಲ್ಲಿ ಹೆಸರು ಮಾಡಿತ್ತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತಲ್ಲ, ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನೇ ತಿದ್ದಿ ಮೊಂಟಾನಾ ಅಂತ ಮಾಡಿದರು. ಜನ ಅಷ್ಟೊತ್ತಿಗೆ ಮಾರುತಿ ಬುಕಿಂಗ್ ಕ್ಯೂನಲ್ಲಿದ್ದರು.

ನನ್ನ ಸೋದರಮಾವ ರಾಜಾಜಿನಗರದಲ್ಲಿದ್ದರು. 1984ರಲ್ಲಿ ಎಲ್ಲರೂ ಬೇಡ ಬೇಡ ಅಂದರೂ ಡಾಲ್ಫಿನ್ ತಗೊಂಡರು. ತಿಳಿ ನೀಲಿ ಬಣ್ಣ. ಬೇಸಿಗೆ ರಜೆಗೆ ನಾವು ಅವರ ಮನೆಗೆ ಹೋದಾಗೆಲ್ಲ ಅದರಲ್ಲೇ ಲಾಲ್‌ಬಾಗು, ಅದರಲ್ಲೇ ನಂದಿ ಬೆಟ್ಟ. ಬೀದಿಯ ಹುಡುಗರು ಬಾಗಿಲಿಗೆ ಟಕಟಕ ಬಡಿದು "ಪ್ಲಾಸ್ಟಿಕ್ ಕಾರು, ಪ್ಲಾಸ್ಟಿಕ್ ಕಾರು" ಅಂತ ರೇಗಿಸುತ್ತಿದ್ದರು. ಒಂದು ದಿನ ಗೇಟಿಗೆ ತಾಗಿ ಮುಂದಿನ ಮಡ್‌ಗಾರ್ಡ್ ಸೀಳಿತು. ಬೇರೆ ಕಾರಾದರೆ ಟಿಂಕರಿಂಗ್‌ಗೆ ಬಿಡಬಹುದು. ಇದು ತಗಡೇ ಅಲ್ಲವಲ್ಲ, ಬಡಿದು ಸರಿ ಮಾಡೋಕೆ! ಮಾವ ಎಲ್ಲಿಂದಲೋ ಫೈಬರ್ ಮ್ಯಾಟು, ಅಂಟಿನಂಥ ರೆಸಿನ್ ಡಬ್ಬ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ತಂದರು. ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತು, ಮ್ಯಾಟನ್ನು ಕತ್ತರಿಯಲ್ಲಿ ತುಂಡು ಮಾಡಿ, ಸೀಳಿನ ಹಿಂಭಾಗಕ್ಕೆ ಇಟ್ಟು, ಬ್ರಷ್ಷಿನಲ್ಲಿ ರೆಸಿನ್ ಬಳಿದರು. ಡಬ್ಬ ಹಿಡಿದುಕೊಳ್ಳುವ ಕೆಲಸ ನನ್ನದು. ಮಾರನೇ ದಿನ ಇಬ್ಬರೂ ಕೂತು ನೀರು ಹಾಕಿಕೊಂಡು ಉಜ್ಜಿದೆವು. ಅತ್ತೆ ಆ ವಾಸನೆಗೆ ಎರಡು ದಿನ ತಲೆನೋವು ಅಂತ ಬಯ್ದರು. ನನಗೆ ಈಗಲೂ ರೆಸಿನ್ ಡಬ್ಬ ತೆಗೆದರೆ ಮೊದಲು ನೆನಪಾಗುವುದು ಆ ಅಂಗಳ, ಆಮೇಲೆ ಮಾಡೆಲ್ಲು.

ಅದಕ್ಕೇ ಡಾಲ್ಫಿನ್ ಮಾತ್ರ ನನಗೆ ಸಾಧ್ಯ ಅನ್ನಿಸುವ ಕಾರು. ನಿಜವಾದ ಕಾರೇ ಅಚ್ಚಿನಿಂದ ತೆಗೆದ ರೆಸಿನ್ ಬಾಡಿ. ಅದನ್ನು ಚಿಕ್ಕದಾಗಿ ಮಾಡೋಕೆ ಉಕ್ಕಿನ ಅಚ್ಚು ಯಾಕೆ ಬೇಕು? ಮೊದಲು ಕೈಯಲ್ಲೇ ಒಂದು ಬಾಡಿ ಕೊರೆಯುವುದು, ಅದರ ಸುತ್ತ ಸಿಲಿಕಾನ್ ರಬ್ಬರ್ ಸುರಿದು ಅಚ್ಚು ತೆಗೆಯುವುದು, ಆ ಅಚ್ಚಿನಲ್ಲಿ ರೆಸಿನ್ ಹುಯ್ಯುವುದು. ಒಂದು ರಬ್ಬರ್ ಅಚ್ಚು ಹರಿಯುವಷ್ಟರಲ್ಲಿ ಒಂದಿಪ್ಪತ್ತು ಬಾಡಿ ಬಂದರೂ ಸಾಕು, ಇಡೀ ಕರ್ನಾಟಕದಲ್ಲಿ ಡಾಲ್ಫಿನ್ ಕಿಟ್ ಬೇಕು ಅನ್ನುವವರು ಅಷ್ಟು ಜನ ಇದ್ದರೆ ಅದೇ ದೊಡ್ಡದು. ಚಕ್ರಗಳನ್ನು ತ್ರೀಡಿ ಪ್ರಿಂಟ್ ಮಾಡಿಕೊಡುತ್ತೇನೆ ಅಂತ ಸ್ನೇಹಿತರೊಬ್ಬರು ಒಪ್ಪಿದ್ದಾರೆ. "ಇಡೀ ಕಾರನ್ನೇ ಪ್ರಿಂಟ್ ಮಾಡಬಹುದಲ್ಲ" ಅಂತಲೂ ಕೇಳಿದರು. ಮಾಡಬಹುದು. ಅದಕ್ಕೆ ಮೊದಲು ಕಂಪ್ಯೂಟರಿನಲ್ಲಿ ಕಾರು ಬಿಡಿಸಬೇಕು, ನನಗೆ ಅದು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ನನಗೆ ಉಪ್ಪುಕಾಗದವೇ ಸರಿ.

ಎಂಟು ತಿಂಗಳಿಂದ ಪ್ಲಾಸ್ಟಿಕ್ ಹಾಳೆ, ಪುಟ್ಟಿ ಇಟ್ಟುಕೊಂಡು ಕೊರೆಯುತ್ತಿದ್ದೇನೆ. ಉದ್ದ ಹದಿನಾಲ್ಕು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ, ಅಂಬಾಸಿಡರ್ ಪಕ್ಕ ಇಟ್ಟರೆ ಮರಿ ಕಾಣುತ್ತದೆ. ಕಳೆದ ತಿಂಗಳು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಾವನ ಮನೆಗೆ ಹೋಗಿದ್ದೆ. ಅವರಿಗೆ ಈಗ ಎಂಬತ್ತರ ಹತ್ತಿರ. ಕನ್ನಡಕ ಹಾಕಿಕೊಂಡು, ಕಿಟಕಿ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ತುಂಬ ಹೊತ್ತು ನೋಡಿದರು. ಕಣ್ಣು ಒದ್ದೆ ಆಗುತ್ತದೇನೋ ಅಂತ ನಾನು ಕಾದೆ.

"ಬಾಗಿಲಿನ ಹಿಡಿಕೆ ಇಷ್ಟು ಮೇಲೆ ಇರಲಿಲ್ಲ ಕಣೋ," ಅಂದರು.

"ಫೋಟೋ ನೋಡಿಯೇ ಮಾಡಿದ್ದು ಮಾವ."

"ಫೋಟೋ ಏನು ಹೇಳುತ್ತೆ. ನಾನು ಹನ್ನೆರಡು ವರ್ಷ ಆ ಬಾಗಿಲು ತೆಗೆದವನು. ಕೈ ಹೀಗೆ ಇಳಿಬಿಟ್ಟರೆ ನೇರ ಅದಕ್ಕೇ ಹೋಗ್ತಿತ್ತು." ಕುರ್ಚಿಯಿಂದ ಎದ್ದು, ಗೋಡೆ ಪಕ್ಕ ನಿಂತು, ಇಲ್ಲದ ಬಾಗಿಲಿನ ಹಿಡಿಕೆ ಹಿಡಿದು ತೋರಿಸಿದರು. ನಾನು ಟೇಪು ತೆಗೆದು ನೆಲದಿಂದ ಅವರ ಕೈಗೆ ಅಳತೆ ತೆಗೆದೆ. 24ರಿಂದ ಭಾಗಿಸಿ ನೋಡಿದರೆ ನನ್ನದು ಎರಡು ಮಿಲಿಮೀಟರ್ ಮೇಲಿತ್ತು. ಮೊನ್ನೆ ಅದನ್ನು ಕೆರೆದು ತೆಗೆದು ಮತ್ತೆ ಪುಟ್ಟಿ ಹಾಕಿದ್ದೇನೆ.

ಈಗ ನಿಂತಿರುವುದು ಡ್ಯಾಶ್‌ಬೋರ್ಡಿನ ಹತ್ತಿರ. ಮಾವನಿಗೆ ಸ್ಪೀಡೋಮೀಟರ್ ನೆನಪಿದೆ, ಅದರ ಪಕ್ಕದ ಸ್ವಿಚ್ಚುಗಳು ಮೂರೋ ನಾಲ್ಕೋ ನೆನಪಿಲ್ಲ. ನಿಮ್ಮ ಮನೆಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ, ಯಾವುದಾದರೂ ಗ್ಯಾರೇಜಿನ ಮೂಲೆಯಲ್ಲಿ ಹಳೇ ಡಾಲ್ಫಿನ್ ಇದ್ದರೆ, ಡ್ರೈವರ್ ಸೀಟಿನಲ್ಲಿ ಕೂತು ಮುಂದಕ್ಕೆ ನೇರವಾಗಿ ಒಂದು ಫೋಟೋ ತೆಗೆದು ಕಳಿಸಿ. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ತೆಗೆದರೆ ಇನ್ನೂ ಒಳ್ಳೇದು. ಧೂಳು ಒರೆಸಬೇಕಾಗಿಲ್ಲ.